‘ತಡ್ಕೋ’ ಮತ್ತು ಬಿಟ್ಟುಹೋದ 14 ಕಿಲೋಮೀಟರ್

ಕೊಚ್ಚಿಯ ಚಳಿಗಾಲ ಎಂದರೆ ದೆಹಲಿಯಲ್ಲಿರುವ ನನ್ನ ಗೆಳತಿಯರು ನಗುತ್ತಾರೆ. ನಗಲಿ ಬಿಡಿ. ಡಿಸೆಂಬರಿನಲ್ಲೂ ಇಲ್ಲಿ ಬೆಳಗಿನ ಜಾವ 23 ಡಿಗ್ರಿ, ಮಧ್ಯಾಹ್ನ 31-32 ಡಿಗ್ರಿ. ಮನೆಯಲ್ಲಿರುವ ಒಂದೇ ಸ್ವೆಟರ್ ಊರಿಗೆ ಹೋಗುವಾಗ ಬಸ್ಸಿನ ಎಸಿಗೆ ಬೇಕು ಎಂದು ಇಟ್ಟುಕೊಂಡದ್ದು. ಆದರೂ ಇದು ನಮ್ಮ ಚಳಿಗಾಲ. ಹಿಂಗಾರು ಮುಗಿದಿರುತ್ತದೆ, ರಸ್ತೆ ಒಣಗಿರುತ್ತದೆ, ಬೆಳಿಗ್ಗೆ ಆರು ಗಂಟೆಗೆ ಸೈಕಲ್ ಹತ್ತಿದರೆ ಎಂಟರವರೆಗೆ ಬೆವರು ಕಣ್ಣಿಗೆ ಇಳಿಯುವುದಿಲ್ಲ. ಫೋರ್ಟ್ ಕೊಚ್ಚಿಯ ಮನೆಮನೆಯ ಮುಂದೆ ನಕ್ಷತ್ರದ ದೀಪ ತೂಗುತ್ತಿರುತ್ತದೆ. ವೆಳಿ ಮೈದಾನದ ದೊಡ್ಡ ಮಳೆಮರಕ್ಕೆ ದೀಪದ ಸರ ಬೀಳುತ್ತದೆ. ಡಿಸೆಂಬರ್ 31ರ ಮಧ್ಯರಾತ್ರಿ ಸುಡಲಿಕ್ಕೆ ಪಪ್ಪಾಂಜಿ ಎದ್ದು ನಿಲ್ಲುತ್ತಾನೆ. ಪಪ್ಪಾಂಜಿ ಎಂದರೆ ಹಳೆಯ ವರ್ಷದ ಮುದುಕ, ಸೂಟು ಬೂಟು ತೊಟ್ಟ ದೈತ್ಯ ಗೊಂಬೆ. 1984ರಲ್ಲಿ ಶುರುವಾದ ಇಲ್ಲಿನ ಕಾರ್ನಿವಲ್‌ನಲ್ಲಿ ಎಲ್ಲರೂ ಕಾಯುವುದು ಅವನು ಉರಿಯುವ ಕ್ಷಣಕ್ಕೆ.

ಕಳೆದ ಡಿಸೆಂಬರಿನಲ್ಲಿ ನಾವು ಮೂವರು, ನಾನು, ನನ್ನ ಗಂಡ, 11 ವರ್ಷದ ಮಗಳು, ಫೋರ್ಟ್ ಕೊಚ್ಚಿಯಿಂದ ತಿರುವನಂತಪುರಕ್ಕೆ ಕಡಲಂಚಿನ ದಾರಿಯಲ್ಲಿ ಸೈಕಲ್ ಮೇಲೆ ಹೋದೆವು. ಸುಮಾರು 210 ಕಿಲೋಮೀಟರ್. ಅದರಲ್ಲಿ 14 ಕಿಲೋಮೀಟರ್ ನಾವು ತುಳಿಯಲಿಲ್ಲ. ಈ ಬರಹ ಆ 14 ಕಿಲೋಮೀಟರಿನ ಬಗ್ಗೆ. ಆದರೆ ಅದಕ್ಕೂ ಹತ್ತು ತಿಂಗಳು ಹಿಂದಿನ ಒಂದು ರಾತ್ರಿಯಿಂದ ಶುರು ಮಾಡಬೇಕು.

ನಾನು ‘ಬ್ರೆವೇ’ ಓಡಿಸುತ್ತೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ರೇಸ್ ಅಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಲೆಕ್ಕ. ಕೊಟ್ಟ ದೂರವನ್ನು ಕೊಟ್ಟ ಸಮಯದೊಳಗೆ ಮುಗಿಸಬೇಕು, ಅಷ್ಟೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಊಟ, ನಿದ್ದೆ, ಪಂಕ್ಚರ್ ಎಲ್ಲ ಅದರೊಳಗೇ. ಕೈಯಲ್ಲೊಂದು ಕಾರ್ಡು. ದಾರಿಯ ನಡುವಿನ ಕಂಟ್ರೋಲ್‌ಗಳಲ್ಲಿ ಅದಕ್ಕೆ ಗುರುತು ಬೀಳಬೇಕು. ಹಿಂದೆ ಸಹಾಯದ ಗಾಡಿ ಬರುವಂತಿಲ್ಲ. ಜಗತ್ತಿನಾದ್ಯಂತ ಈ ನಿಯಮಗಳನ್ನು ನೋಡಿಕೊಳ್ಳುವುದು ಫ್ರಾನ್ಸಿನ ಅಡಾಕ್ಸ್ ಕ್ಲಬ್ ಪ್ಯಾರಿಸಿಯನ್. ಈ ಹುಚ್ಚಿನ ಮೂಲ 1891ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸ್ಪರ್ಧೆ. ಚಾರ್ಲ್ಸ್ ಟೆರಾಂಟ್ ಎಂಬಾತ ಸುಮಾರು 1200 ಕಿಲೋಮೀಟರನ್ನು 71 ಗಂಟೆ 22 ನಿಮಿಷದಲ್ಲಿ ಮುಗಿಸಿ ಗೆದ್ದಿದ್ದ. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಬ್ರೆವೇ. ಜನಕ್ಕೆ ಸಿಗುವುದು 90 ಗಂಟೆ.

ಮೂವತ್ತೈದು ದಾಟಿದ ಮೇಲೆ ಶುರು ಮಾಡಿದವಳು ನಾನು. ದಿನವಿಡೀ ಸ್ಕ್ರೀನಿನ ಮುಂದೆ ಕೂತು ಸೊಂಟ ಹಿಡಿದಾಗ ಡಾಕ್ಟರು ಏನಾದರೂ ಮಾಡಿ ಎಂದರು. ಮಾಡಿದೆ. ಎರಡು ವರ್ಷದಲ್ಲಿ ನಾಲ್ಕು 200, ಒಂದು 300 ಮುಗಿದವು. ಕಳೆದ ಫೆಬ್ರವರಿಯಲ್ಲಿ ಮೊದಲ 400ಕ್ಕೆ ಹೆಸರು ಕೊಟ್ಟೆ. ಕೊಚ್ಚಿಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಿರುವನಂತಪುರ, ಅಲ್ಲಿಂದ ವಾಪಸ್. ನನ್ನ ತವರು ಹೊನ್ನಾವರದಲ್ಲೂ ಇದೇ ಹೆದ್ದಾರಿ ಹಾದುಹೋಗುತ್ತದೆ. ‘ನಮ್ಮೂರ ರಸ್ತೆಯೇ’ ಎಂದು ಅಮ್ಮನಿಗೆ ಫೋನಿನಲ್ಲಿ ಧೈರ್ಯ ಹೇಳಿದ್ದೆ.

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಐದೂವರೆಗೆ ತಿರುವನಂತಪುರ ಮುಟ್ಟಿದೆ. ಎಲ್ಲ ಲೆಕ್ಕದಂತೆಯೇ ಇತ್ತು. ಕತ್ತಲಾದ ಮೇಲೆ ಹೊಟ್ಟೆ ತೊಳಸತೊಡಗಿತು. ತಿಂದದ್ದು ನಿಲ್ಲಲಿಲ್ಲ. ತಲೆ ಸಿಡಿಯುತ್ತಿತ್ತು. ಕೊಲ್ಲಂ ದಾಟಿ ಚವರದ ಹತ್ತಿರ ಬಂದಾಗ ರಸ್ತೆಯ ಬದಿಯ ಕಲ್ಲುಗಳೆಲ್ಲ ಮಲಗಿದ ನಾಯಿಗಳ ಹಾಗೆ ಕಂಡವು. ರಾತ್ರಿ 11.50ಕ್ಕೆ ಒಂದು ಪೆಟ್ರೋಲ್ ಪಂಪಿನ ಕಟ್ಟೆಯ ಮೇಲೆ ಕೂತೆ. ಮೀಟರಿನಲ್ಲಿ 283 ಕಿಲೋಮೀಟರ್. ಉಳಿದದ್ದು 117, ಕೈಯಲ್ಲಿದ್ದದ್ದು ಒಂಬತ್ತು ಗಂಟೆ ಹತ್ತು ನಿಮಿಷ. ಮಾಮೂಲಿ ದಿನವಾದರೆ ಆರು ಗಂಟೆಯ ಕೆಲಸ. ಅಂದು ಆ ಕಟ್ಟೆಯಿಂದ ಏಳಲು ಆಗಲಿಲ್ಲ. ಎರಡು ಸಲ ವಾಂತಿಯಾಯಿತು. ಆಯೋಜಕರಿಗೆ ಫೋನ್ ಮಾಡಿ ಬಿಟ್ಟೆ ಎಂದೆ. ಫಲಿತಾಂಶದ ಪಟ್ಟಿಯಲ್ಲಿ ಅದಕ್ಕೆ ಡಿಎನ್‌ಎಫ್ ಎನ್ನುತ್ತಾರೆ. ಮುಗಿಸಲಿಲ್ಲ ಎಂದರ್ಥ.

ಮೂರು ಗಂಟೆ ಹೊತ್ತಿಗೆ ಪಂಪಿನ ಹುಡುಗ ಒಂದು ಪಿಕಪ್ ಗಾಡಿಯನ್ನು ನಿಲ್ಲಿಸಿದ. ಮೀನಿನ ಖಾಲಿ ಕ್ರೇಟುಗಳನ್ನು ಹೇರಿಕೊಂಡು ಕೊಚ್ಚಿಯ ತೋಪ್ಪುಂಪಡಿ ಬಂದರಿಗೆ ಹೊರಟಿದ್ದ ಗಾಡಿ. ಕ್ರೇಟುಗಳ ಮೇಲೆ ಸೈಕಲ್, ಡ್ರೈವರ್ ಪಕ್ಕ ನಾನು. ಬಂದರಿನಲ್ಲಿ ಇಳಿದಾಗ ಆರು ಗಂಟೆ. ಜೀವ ಸ್ವಲ್ಪ ಮರಳಿತ್ತು. ಅಲ್ಲಿಂದ ಮನೆಗೆ ಐದಾರು ಕಿಲೋಮೀಟರ್. ಸೈಕಲ್ ತುಳಿದುಕೊಂಡೇ ಬಂದೆ.

ತಪ್ಪಾದದ್ದು ಅಲ್ಲೇ. ಮಗಳು ಬಾಲ್ಕನಿಯಲ್ಲಿ ನಿಂತು ಕಾಯುತ್ತಿದ್ದಳು. ಒಂಬತ್ತರೊಳಗೆ ಬರಬೇಕಾದ ಅಮ್ಮ ಆರೂವರೆಗೇ ಸೈಕಲ್ ಮೇಲೆ ಬಂದಳು! ಕೆಳಗೆ ಓಡಿಬಂದು ನನ್ನ ಕೊರಳಿಗೆ ಒಂದು ಪದಕ ಹಾಕಿದಳು. ರಟ್ಟಿಗೆ ಬಂಗಾರದ ಕಾಗದ ಅಂಟಿಸಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ ‘400’ ಎಂದು ಬರೆದದ್ದು. ನಾನು ಮುಗಿಸಿದೆ ಎಂದು ಹೇಳಲಿಲ್ಲ. ಮುಗಿಸಲಿಲ್ಲ ಎಂದೂ ಹೇಳಲಿಲ್ಲ. ಅಪ್ಪಿಕೊಂಡು, ಸ್ನಾನ ಮಾಡಿ ಮಲಗಿಬಿಟ್ಟೆ. ಸಂಜೆ ಅಡುಗೆಮನೆಯಲ್ಲಿ ಗಂಡ ಮೆಲ್ಲಗೆ ಕೇಳಿದ, “ಹೇಳ್ತೀಯಾ ಅವಳಿಗೆ?”

“ನಾಳೆ ಹೇಳ್ತೀನಿ.”

ಆ ನಾಳೆ ಹತ್ತು ತಿಂಗಳಾಯಿತು. ಪದಕ ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ಟಿನಿಂದ ತೂಗುತ್ತಿತ್ತು. ಶಾಲೆಯಲ್ಲಿ ‘ನನ್ನ ಹೀರೋ’ ಎಂದು ಮಾತಾಡಲು ಹೇಳಿದಾಗ ಮಗಳು ನನ್ನ 400ರ ಬಗ್ಗೆ ಮಾತಾಡಿ ಬಂದಳು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಡಿಸೆಂಬರಿನ ಪ್ರವಾಸ ಗಂಡನ ಯೋಚನೆ. “ನಿನ್ನ 27 ಗಂಟೆ ನೋಡಿದ್ದಾಯ್ತು. ನಮಗೂ ಒಂದು ಐದು ದಿನ ಕೊಡು,” ಎಂದ. ದಿನಕ್ಕೆ ಹೆಚ್ಚೆಂದರೆ 50 ಕಿಲೋಮೀಟರ್, ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಮಾತ್ರ. 26ಕ್ಕೆ ಹೊರಟು 30ಕ್ಕೆ ತಿರುವನಂತಪುರ, 31ಕ್ಕೆ ರೈಲಿನಲ್ಲಿ ವಾಪಸ್, ರಾತ್ರಿ ಪಪ್ಪಾಂಜಿ. ಮಗಳಿಗೆ ಈ ಕೊನೆಯ ಭಾಗವೇ ಮುಖ್ಯ. ಎರಡು ತಿಂಗಳು ಪ್ರತಿ ಭಾನುವಾರ ಚೆಲ್ಲಾನಂವರೆಗೆ ಹೋಗಿ ಬರುತ್ತ ಅಭ್ಯಾಸ ಮಾಡಿದೆವು.

ಮೊದಲ ದಿನ ಚೆನ್ನಾಗಿಯೇ ಹೋಯಿತು. ಚೆಲ್ಲಾನಂನಲ್ಲಿ ಸಮುದ್ರ ಕಾಣುವುದೇ ಇಲ್ಲ. ಮಳೆಗಾಲದಲ್ಲಿ ಕಡಲು ಮನೆಯೊಳಗೆ ನುಗ್ಗುತ್ತಿದ್ದ ಊರು ಅದು. ಈಗ ಏಳು ಕಿಲೋಮೀಟರಿಗೂ ಉದ್ದಕ್ಕೆ ಕಾಂಕ್ರೀಟಿನ ನಾಲ್ಕು ಕಾಲಿನ ಟೆಟ್ರಾಪಾಡುಗಳನ್ನು ಪೇರಿಸಿ ಗೋಡೆ ಕಟ್ಟಿದ್ದಾರೆ. ಅಂಧಕಾರನಳಿ ದಾಟಿ ಅರ್ತುಂಕಲ್ ಬೆಸಿಲಿಕಾದ ಮುಂದೆ ನಿಂತಾಗ ಅಲ್ಲಿ ಅಯ್ಯಪ್ಪನ ಮಾಲೆ ಹಾಕಿದವರೂ ಇದ್ದರು. ಶಬರಿಮಲೆಯಿಂದ ಬರುವವರು ಇಲ್ಲಿನ ಸಂತ ಸೆಬಾಸ್ಟಿಯನ್‌ಗೂ ಕೈಮುಗಿದು ಮಾಲೆ ಇಳಿಸುವ ರೂಢಿ ಇದೆ. ರಾತ್ರಿ ಮಾರಾರಿಯಲ್ಲಿ ಉಳಿದೆವು.

ಎರಡನೇ ದಿನ ಆಲಪ್ಪುಳ. 1862ರ ದೀಪಸ್ತಂಭ ನೋಡಿ, ಹೆದ್ದಾರಿಯ ಅಗಲೀಕರಣದ ಧೂಳು ಕುಡಿದು, ತೋಟ್ಟಪ್ಪಳ್ಳಿಯಲ್ಲಿ ಮತ್ತೆ ಕಡಲಿನ ಕಡೆಗೆ ತಿರುಗಿದೆವು. ಪಲ್ಲನದಲ್ಲಿ ಎಳನೀರು ಕೊಟ್ಟ ಅಜ್ಜ ಪಕ್ಕದ ಹೊಳೆ ತೋರಿಸಿ ಕುಮಾರನ್ ಆಶಾನ್ ತೀರಿಕೊಂಡದ್ದು ಇಲ್ಲೇ ಎಂದ. ಮಲಯಾಳದ ಮಹಾಕವಿ, 1924ರಲ್ಲಿ ದೋಣಿ ಮಗುಚಿ ಹೋದವರು. ಅಂದು ತ್ರಿಕ್ಕುನ್ನಪ್ಪುಳದಲ್ಲಿ ವಸತಿ. ಎರಡು ದಿನಕ್ಕೆ 84 ಕಿಲೋಮೀಟರ್. ಮಗಳು ಒಂದು ಸಲವೂ ಸುಸ್ತು ಎನ್ನಲಿಲ್ಲ. ನನಗೆ ಹೆಮ್ಮೆಯಾಗುತ್ತಿತ್ತು. ಈಗ ಯೋಚಿಸಿದರೆ ಆ ಹೆಮ್ಮೆಯ ಬದಲು ಅನುಮಾನ ಬರಬೇಕಿತ್ತು.

ಮೂರನೇ ದಿನ 28ನೇ ತಾರೀಕು. ಕೊಲ್ಲಂಗೆ 54 ಕಿಲೋಮೀಟರ್, ಇಡೀ ಪ್ರವಾಸದ ಉದ್ದದ ದಿನ. ವಲಿಯಳೀಕಲ್‌ನಲ್ಲಿ ಹಿನ್ನೀರು ಕಡಲಿಗೆ ಸೇರುವ ಜಾಗಕ್ಕೆ 2022ರಲ್ಲಿ ಕಮಾನಿನ ದೊಡ್ಡ ಸೇತುವೆ ಬಂದಿದೆ. ಅದರ ನೆತ್ತಿಯಲ್ಲಿ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಯಲ್, ನಡುವೆ ದಾರದಂಥ ನೆಲ. ಆ ದಾರವೇ ಆಲಪ್ಪಾಡ್. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕೇರಳದಲ್ಲಿ ಅತಿ ಹೆಚ್ಚು ಸಾವಾದದ್ದು ಇಲ್ಲಿ. ಈ ಒಂದೇ ಪಂಚಾಯಿತಿಯಲ್ಲಿ ನೂರಕ್ಕೂ ಹೆಚ್ಚು ಜನ. ವಾರ್ಷಿಕ ದಿನ ಕಳೆದು ಎರಡೇ ದಿನವಾಗಿತ್ತು. ದಾರಿ ಬದಿಯ ಭಾವಚಿತ್ರಗಳ ಮೇಲೆ ಹಾರದ ಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. ಮೂವರೂ ಸೈಕಲ್ ಇಳಿದು ಸ್ವಲ್ಪ ದೂರ ತಳ್ಳಿಕೊಂಡು ನಡೆದೆವು. ಮಗಳು ಏನೂ ಕೇಳಲಿಲ್ಲ. ಸಾಮಾನ್ಯವಾಗಿ ಅವಳು ಕೇಳುವವಳು.

ಹತ್ತು ಗಂಟೆಯಾದ ಮೇಲೆ ಬಿಸಿಲು ಹೇಳದೆ ಕೇಳದೆ ಏರಿತು. ಕಡಲಂಚಿನ ಸೆಕೆಯ ಗುಣ ಗೊತ್ತಲ್ಲ. ಥರ್ಮಾಮೀಟರ್ 32 ಎನ್ನುತ್ತದೆ, ಆದರೆ ಗಾಳಿಯಲ್ಲೇ ಅಷ್ಟು ತೇವ ಇರುವುದರಿಂದ ಬೆವರು ಆರುವುದೇ ಇಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಮೈಯ ನೀರು, ಉಪ್ಪು ಎರಡೂ ಸುರಿದುಹೋಗುತ್ತಲೇ ಇರುತ್ತವೆ, ಒಳಗಿನ ಕಾವು ಇಳಿಯುವುದಿಲ್ಲ. ಚವರದಲ್ಲಿ ಹೆದ್ದಾರಿ ಸೇರುವ ಹೊತ್ತಿಗೆ ಮಗಳ ಸೈಕಲ್ ಸಣ್ಣಗೆ ಹಾವಿನಂತೆ ಓಲಾಡುತ್ತಿತ್ತು.

“ನಿಲ್ಲೋಣವಾ ಪುಟ್ಟಿ?”

“ಬೇಡ. ಇನ್ನು 14 ಅಷ್ಟೇ.”

ಇನ್ನೂರು ಮೀಟರ್ ಹೋಗಿರಬಹುದು, ಅವಳು ಪಕ್ಕಕ್ಕೆ ಎಳೆದು ಸೈಕಲ್ ಬಿಟ್ಟು ಕೂತು ವಾಂತಿ ಮಾಡಿದಳು. ಮುಖ ಕೆಂಪಗೆ, ತುಟಿ ಬಿಳಿಚಿ. ತೋಳು ಮುಟ್ಟಿದರೆ ಸುಡುತ್ತಿತ್ತು. ಗಂಡ ಅವಳನ್ನು ಎತ್ತಿಕೊಂಡು ಎಳನೀರಿನ ಅಂಗಡಿಯ ತಾಡಪಾಲಿನ ನೆರಳಿಗೆ ತಂದ. ಅಂಗಡಿಯಾಕೆ ಕೇಳದೆಯೇ ಒಂದು ಬಕೆಟ್ ನೀರು, ಟವೆಲು ತಂದಿಟ್ಟರು. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟೆ. ಬ್ಯಾಗಿನಿಂದ ಓಆರ್‌ಎಸ್ ಪ್ಯಾಕೆಟ್ ತೆಗೆದು ಕಲಸಲು ಅವಳ ಸೈಕಲ್ಲಿನ ಬಾಟಲಿ ಎಳೆದೆ.

ಬಾಟಲಿ ತುಂಬಿತ್ತು. ಬೆಳಿಗ್ಗೆ ಆರಕ್ಕೆ ನಾನೇ ತುಂಬಿಸಿಕೊಟ್ಟದ್ದು. ನಾಲ್ಕೂವರೆ ಗಂಟೆಯಲ್ಲಿ ನಾಲ್ಕು ಗುಟುಕು ಇಳಿದಿರಬಹುದು.

“ಯಾಕೆ ಕುಡೀಲಿಲ್ಲ ಪುಟ್ಟಿ?”

“ಕುಡಿದ್ರೆ ಒಂದಕ್ಕೆ ಬರುತ್ತೆ. ಎಲ್ಲಿ ಹೋಗೋದು? ನೀನೂ ಕುಡಿಯಲ್ವಲ್ಲ. ತಡ್ಕೋತೀಯಲ್ಲ.”

ನನಗೆ ಮಾತು ಹೊರಡಲಿಲ್ಲ.

ಹೌದು, ನಾನು ಕುಡಿಯುವುದಿಲ್ಲ. ಯಾರಿಗೂ ಹೇಳಿರಲಿಲ್ಲ, ಆದರೆ ಅವಳು ನೋಡಿದ್ದಳು. ಭಾನುವಾರದ ಅಭ್ಯಾಸದಲ್ಲಿ, ಊರಿಗೆ ಹೋಗುವ ಬಸ್ಸಿನಲ್ಲಿ, ಬೆಳಿಗ್ಗೆಯಿಂದ ಬರೀ ತುಟಿ ಒದ್ದೆ ಮಾಡಿಕೊಳ್ಳುವ ಅಮ್ಮನನ್ನು. ಬ್ರೆವೇಯಲ್ಲಿ ಗಂಡಸರು ಎಲ್ಲೆಂದರಲ್ಲಿ ಸೈಕಲ್ ನಿಲ್ಲಿಸುತ್ತಾರೆ. ನಮಗೆ ಪೆಟ್ರೋಲ್ ಪಂಪ್ ಬೇಕು, ಪಂಪಿನ ಶೌಚಾಲಯಕ್ಕೆ ಬೀಗ ಇರಬಾರದು, ಇದ್ದರೆ ಕೀಲಿ ಇರುವವನು ಎಚ್ಚರ ಇರಬೇಕು, ಒಳಗೆ ದೀಪ ಹತ್ತಬೇಕು, ಚಿಲಕ ಹಾಕಿಕೊಳ್ಳುವಂತಿರಬೇಕು. ಇಷ್ಟೆಲ್ಲ ಕೂಡಿಬರದ ರಾತ್ರಿಗಳಿಗೆ ನಾನು ಕಂಡುಕೊಂಡ ಉಪಾಯ, ನೀರೇ ಕುಡಿಯದಿರುವುದು. 200ರಲ್ಲಿ ಅದು ನಡೆಯಿತು. 300ರಲ್ಲೂ ಹೇಗೋ ನಡೆಯಿತು. 400ರಲ್ಲಿ ಚವರದ ಕಟ್ಟೆಯ ಮೇಲೆ ಕೂರಿಸಿತು. ತಲೆನೋವು, ವಾಂತಿ, ನಾಯಿಯಾಗಿ ಕಂಡ ಕಲ್ಲುಗಳು, ಎಲ್ಲಕ್ಕೂ ಮೂಲ ಅದೇ ಇರಬೇಕೆಂದು ನನಗೆ ಅಂದೇ ಅನಿಸಿತ್ತು. ಗಂಡನಿಗೆ ಮಾತ್ರ ‘ನಿದ್ದೆ ಸಾಲಲಿಲ್ಲ’ ಎಂದಿದ್ದೆ.

‘ತಡ್ಕೋ’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಗೇರುಸೊಪ್ಪೆಯ ಘಾಟಿಯಲ್ಲಿ. ಹೊನ್ನಾವರದಿಂದ ಅಜ್ಜಿಯ ಮನೆಗೆ ಹೋಗುವ ಬಸ್ಸು. ನಾನು ಅಮ್ಮನ ಸೆರಗು ಎಳೆದು ಕಿವಿಯಲ್ಲಿ ಹೇಳಿದರೆ, “ಸ್ವಲ್ಪ ತಡ್ಕೋ, ಜೋಗದಲ್ಲಿ ನಿಲ್ತದೆ,” ಎನ್ನುತ್ತಿದ್ದಳು. ಹೊಟ್ಟೆ ನೋವಿಗೂ ತಡ್ಕೋ, ಇಂಜೆಕ್ಷನ್ನಿಗೂ ತಡ್ಕೋ, ಹೆರಿಗೆಯ ಕೋಣೆಯಲ್ಲೂ ತಡ್ಕೋ. ನಮ್ಮ ಭಾಷೆಯಲ್ಲಿ ಸಹಿಸುವುದಕ್ಕೂ ಒಂದಕ್ಕೆ ಹೋಗದೆ ಬಿಗಿಹಿಡಿಯುವುದಕ್ಕೂ ಒಂದೇ ಮಾತು. ಗಂಡುಮಕ್ಕಳಿಗೆ ಎರಡನೆಯ ಅರ್ಥ ಬೇಗ ಮರೆತುಹೋಗುತ್ತದೆ, ಮುಂದಿನ ತಿರುವಿನಲ್ಲಿ ಬಸ್ಸು ನಿಲ್ಲಿಸಿದರಾಯಿತು. ನಮಗೆ ಎರಡೂ ಸೇರಿ ಒಂದೇ ಅಭ್ಯಾಸವಾಗಿ ಉಳಿಯುತ್ತದೆ. ಅದನ್ನೇ ನಾನು ಗಟ್ಟಿತನ ಎಂದುಕೊಂಡಿದ್ದೆ. ಅದನ್ನೇ ಮಗಳಿಗೂ ಕೊಟ್ಟಿದ್ದೆ.

ಹತ್ತು ಹದಿನೈದು ನಿಮಿಷ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಓಆರ್‌ಎಸ್ ಕುಡಿಸಿದ ಮೇಲೆ ಅವಳ ಕಣ್ಣಿಗೆ ಕಳೆ ಬಂತು. ಕೂಡಲೇ ಎದ್ದು ಕೂತು ಹೆಲ್ಮೆಟ್ ಹುಡುಕಿದಳು.

“ಹೋಗೋಣ. ನಂಗೆ ಆಗುತ್ತೆ.”

“ಇವತ್ತಿಗೆ ಸಾಕು.”

“ನೀನು 400ರಲ್ಲಿ ನಿಲ್ಲಿಸಿದ್ಯಾ?” ಎಂದು ಅಳತೊಡಗಿದಳು. “ನೀನು ನಿಲ್ಲಿಸ್ಲಿಲ್ವಲ್ಲ!”

ಗಂಡ ನನ್ನ ಮುಖ ನೋಡಿದ. ಆದರೆ ಅವನೂ ಏನೂ ಹೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಅಂಗಡಿಯಾಕೆ ಅಷ್ಟರಲ್ಲಿ ಪರಿಚಯದವರಿಗೆ ಫೋನ್ ಮಾಡಿ ಒಂದು ಪೆಟ್ಟಿ ಆಟೋ ತರಿಸಿದ್ದರು. ಸಾಮಾನು ಸಾಗಿಸುವ ಆಟೋಗೆ ಇಲ್ಲಿ ಹಾಗೆನ್ನುತ್ತಾರೆ. ಹಿಂದೆ ಮೂರು ಸೈಕಲ್ ಜತೆ ಗಂಡ, ಮುಂದೆ ಡ್ರೈವರ್ ಪಕ್ಕ ನಾನು, ನನ್ನ ತೊಡೆಯ ಮೇಲೆ ಮಗಳು. ಎಳನೀರಿಗೆ ದುಡ್ಡು ಕೊಡಹೋದರೆ ಆಕೆ “ಮೋಳಕ್ಕು ಸುಖಮಾವಟ್ಟೆ”, ಮಗಳು ಹುಷಾರಾಗಲಿ, ಎಂದು ಕೈ ಸರಿಸಿದರು.

ಆ ಪಂಪ್ ದಾರಿಯಲ್ಲಿ ಸಿಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಕಡಲಂಚಿನ ದಾರಿ ಆರಿಸಿಕೊಂಡದ್ದರಲ್ಲಿ ಹೆದ್ದಾರಿಯ ಲಾರಿಗಳ ಭಯದ ಜತೆಗೆ ಅದನ್ನು ನೋಡಬಾರದೆಂಬ ಆಸೆಯೂ ಇತ್ತು. ಆದರೆ ಚವರದಿಂದ ನೀಂಡಕರ ಸೇತುವೆ ದಾಟಿ ಕೊಲ್ಲಂ ಸೇರಲು ಹೆದ್ದಾರಿಯೇ ಗತಿ. ಎರಡು ನಿಮಿಷಕ್ಕೆ ಅದು ಬಂದೇ ಬಂತು. ಹಗಲಿನಲ್ಲಿ ಚಿಕ್ಕದಾಗಿ ಕಂಡಿತು.

“ಪುಟ್ಟಿ, ಆ ಕಟ್ಟೆ ನೋಡು. ಗಾಳಿ ಹಾಕೋ ಮೆಷಿನ್ ಪಕ್ಕ.”

“ಹ್ಞೂಂ.”

“400ರಲ್ಲಿ ನಾನು ನಿಲ್ಲಿಸಿದ್ದು ಅಲ್ಲಿ. 283ಕ್ಕೆ. ನಂಗೂ ನಿನ್ ಥರಾನೇ ವಾಂತಿ ಆಯ್ತು. ನೀರು ಕುಡಿದಿರಲಿಲ್ಲ. ಆಮೇಲೆ ಮೀನಿನ ಗಾಡಿಯಲ್ಲಿ ಮನೆಗೆ ಬಂದೆ.”

ಅವಳು ಕುತ್ತಿಗೆ ತಿರುಗಿಸಿ ಪಂಪ್ ಮರೆಯಾಗುವವರೆಗೂ ನೋಡಿದಳು. ನೀಂಡಕರ ಸೇತುವೆಯ ಮೇಲೆ ಬಂದಾಗ ಕೆಳಗೆ ಬೋಟುಗಳು ಸಾಲಾಗಿ ನಿಂತಿದ್ದವು. ಆಗ ಕೇಳಿದಳು.

“ಮತ್ತೆ ಪದಕ ಯಾಕೆ ತಗೊಂಡೆ?”

ನನ್ನಲ್ಲಿ ಉತ್ತರ ಇರಲಿಲ್ಲ. ಇದ್ದದ್ದನ್ನೇ ಹೇಳಿದೆ. “ನಾಚಿಕೆ ಆಯ್ತು. ಆಮೇಲೆ ಭಯ ಆಯ್ತು.”

ಅವಳು ಕೊಲ್ಲಂವರೆಗೂ ಮಾತಾಡಲಿಲ್ಲ. ತೊಡೆಯ ಮೇಲಿಂದ ಇಳಿಯಲೂ ಇಲ್ಲ.

ಕೊಲ್ಲಂನ ಕ್ಲಿನಿಕ್ಕಿನಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಅಪಾಯವೇನಿಲ್ಲ, ಇನ್ನು ಒಂದು ಗಂಟೆ ಹಾಗೇ ತುಳಿದಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದರು. ನಾಳೆ ಪೂರ್ತಿ ವಿಶ್ರಾಂತಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಎಂದು ಮತ್ತೊಮ್ಮೆ ಹೇಳಿಕೊಟ್ಟರು. ಮೂತ್ರ ತಿಳಿ ಹಳದಿ ಬರುವವರೆಗೆ ಸೈಕಲ್ ಮುಟ್ಟಬಾರದು. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಗುಳ ನಿರೀಕ್ಷಿಸಿದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೆಲ್ಲ ಮದುವೆ ಮನೆಗೆ ಹೋಗೂಕೂ ಹಿಂದಿನ ರಾತ್ರಿಯಿಂದ ನೀರು ಬಿಡ್ತಿದ್ವಿ ಮಗಾ. ಅದು ಹೇಳೂ ವಿಷಯ ಅಂತ್ಲೇ ಗೊತ್ತಿರ್ಲಿಲ್ಲ,” ಎಂದಳು.

ಇನ್ನು ಒಂದು ಲೆಕ್ಕ ಬಾಕಿಯಿತ್ತು. ಒಂದು ದಿನ ಕೊಲ್ಲಂನಲ್ಲಿ ನಿಂತರೆ ತಿರುವನಂತಪುರ ಮುಟ್ಟುವುದು 31ಕ್ಕೆ. ಪಪ್ಪಾಂಜಿ ತಪ್ಪುತ್ತಾನೆ. ಆ ರಾತ್ರಿ ಫೋರ್ಟ್ ಕೊಚ್ಚಿಗೆ ಗಾಡಿ ಬಿಡುವುದಿಲ್ಲ, ಎರ್ನಾಕುಲಂವರೆಗೆ ರೈಲು ಸಿಕ್ಕರೂ ಮೈದಾನ ಸೇರುವುದು ಸುಳ್ಳು. ಇಲ್ಲಿಂದಲೇ ರೈಲು ಹತ್ತಿ ಮನೆಗೆ ಹೋದರೆ ಪಪ್ಪಾಂಜಿ ಸಿಗುತ್ತಾನೆ, ಪ್ರವಾಸ ಅರ್ಧಕ್ಕೆ ನಿಲ್ಲುತ್ತದೆ. ಎರಡನ್ನೂ ಅವಳ ಮುಂದಿಟ್ಟೆವು. ಎರಡರಲ್ಲಿ ಯಾವುದಾದರೂ ಸರಿ, ಯಾರೂ ಏನೂ ಅನ್ನುವುದಿಲ್ಲ ಎಂದೆವು. ಮಾರನೆಯ ದಿನ ಮಧ್ಯಾಹ್ನದವರೆಗೂ ಅವಳು ತೀರ್ಮಾನ ಹೇಳಲಿಲ್ಲ. ಸಂಜೆ ತಂಗಶ್ಶೇರಿಯ ದೀಪಸ್ತಂಭಕ್ಕೆ ಕರೆದುಕೊಂಡು ಹೋದೆವು. 1902ರದ್ದು, ಸುಮಾರು 41 ಮೀಟರ್ ಎತ್ತರ, ಕೆಂಪು ಬಿಳಿ ಓರೆ ಪಟ್ಟೆ. ಟಿಕೆಟ್ ತೆಗೆದುಕೊಳ್ಳುವಾಗ ಅವಳೆಂದಳು, “ನೀವಿಬ್ರೂ ಹತ್ತಿ. ನಂಗೆ ಇವತ್ತು ಬೇಡ. ಕೆಳಗೇ ಇರ್ತೀನಿ.” ಅವಳ ಬಾಯಿಂದ ‘ಬೇಡ’ ಎಂಬ ಮಾತು ಕೇಳಿ ಎಷ್ಟು ದಿನವಾಗಿತ್ತು! ಗಂಡ ಹತ್ತಿದ. ನಾನು ಅವಳ ಜತೆ ಕೆಳಗೆ ಕೂತು ಕಡಲೆಕಾಯಿ ತಿಂದೆ. ಅಲ್ಲೇ ಹೇಳಿದಳು, “ಪಪ್ಪಾಂಜಿ ಮುಂದಿನ್ ವರ್ಷ ನೋಡೋಣ. ಆದ್ರೆ ನಿಧಾನ ಹೋಗೋಣ.”

30ಕ್ಕೆ ವರ್ಕಲ ಬರೀ 30 ಕಿಲೋಮೀಟರ್. ಹೊಸ ನಿಯಮ ಮಾಡಿಕೊಂಡೆವು. ಪ್ರತಿ ಎಂಟು ಕಿಲೋಮೀಟರಿಗೆ ನಿಲ್ಲಬೇಕು, ಮೂವರೂ ಎದುರೆದುರು ನಿಂತು ಕುಡಿಯಬೇಕು. ಇದರ ಇನ್ನೊಂದು ಅರ್ಧವೂ ಇತ್ತಲ್ಲ, ಅದಕ್ಕೆ ನಾನೇ ಮುಂದಾಗಬೇಕಿತ್ತು. ಪರವೂರಿನ ಹತ್ತಿರ ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬರ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ, ನನ್ನ ಹರಕು ಮಲಯಾಳದಲ್ಲಿ, ಚೇಚಿ, ಮಗಳಿಗೆ ಬಾತ್‌ರೂಮ್ ಬೇಕಿತ್ತು ಎಂದೆ. ಎರಡು ವರ್ಷದ ಬ್ರೆವೇಗಳಲ್ಲಿ ಒಂದು ಸಲವೂ ಬಾಯಿಂದ ಹೊರಡದ ಮಾತು. ಆಕೆ ಪೊರಕೆ ಒರಗಿಸಿ, “ವಾ ಮೋಳೇ,” ಎಂದು ಒಳಗೆ ಕರೆದರು. ಹೊರಬರುವಾಗ ಮೂರು ಲೋಟ ಕಟ್ಟನ್ ಚಾಯ ಕಾಯುತ್ತಿತ್ತು. ಅಲ್ಲಿಂದ ಮುಂದೆ ನಾಲ್ಕು ಕಡೆ ಕೇಳಿದೆವು. ಒಂದು ಮನೆಯವರು ಸ್ವಲ್ಪ ಅನುಮಾನದಿಂದ ನೋಡಿ ಹಿತ್ತಿಲು ತೋರಿಸಿದರು. ಉಳಿದವರೆಲ್ಲ ಚಹಾ, ಬಾಳೆಹಣ್ಣು, ಒಬ್ಬರು ಬೇಯಿಸಿದ ಮರಗೆಣಸು. ಕಾಪ್ಪಿಲ್‌ನಲ್ಲಿ ಕಾಯಲ್ಲಿಗೂ ಕಡಲಿಗೂ ನಡುವಿನ ದಾರಿಯಲ್ಲಿ ಮಗಳು ಹಾಡುತ್ತ ಸೈಕಲ್ ಬಿಟ್ಟಳು.

ಕೊನೆಯ ದಿನ ವರ್ಕಲದ ಕೆಂಪು ಬಂಡೆಗಳಿಂದ ಇಳಿದು ದಕ್ಷಿಣಕ್ಕೆ ಹೊರಟೆವು. ಕಾಯಿಕ್ಕರ ಬಂತು, ಕುಮಾರನ್ ಆಶಾನ್ 1873ರಲ್ಲಿ ಹುಟ್ಟಿದ ಊರು. “ಮೊನ್ನೆ ಹೊಳೇಲಿ ಮುಳುಗಿದ ಕವಿನಾ?” ಎಂದಳು ಮಗಳು. ನಾವು ಅವರ ಬದುಕನ್ನು ಹಿಂದುಮುಂದಾಗಿ ತುಳಿದಿದ್ದೆವು. ಅಂಜುತೆಂಗಿನಲ್ಲಿ ಇಂಗ್ಲಿಷರು 1695ರಲ್ಲಿ ಕಟ್ಟತೊಡಗಿದ ಪುಟ್ಟ ಕೋಟೆ, ಆಮೇಲೆ ಪೆರುಮಾತುರ ಸೇತುವೆ, ಆಮೇಲೆ ತುಂಬಾ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಇಲ್ಲಿಂದ. ರಾಕೆಟ್ಟಿನ ಭಾಗವನ್ನು ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟು ತಳ್ಳಿಕೊಂಡು ಹೋಗುವ ಆ ಹಳೆಯ ಫೋಟೋ ನೀವೂ ನೋಡಿರುತ್ತೀರಿ. ಮಗಳಿಗೆ ಫೋನಿನಲ್ಲಿ ತೋರಿಸಿದೆ. “ಅವ್ರೂ ತುಳೀತಿಲ್ಲ, ತಳ್ತಿದಾರೆ,” ಎಂದಳು.

ಹನ್ನೊಂದೂವರೆಗೆ ಶಂಖುಮುಖಂ ಕಡಲತೀರ. ಅಲೆಗಳು ಅರ್ಧ ತಿಂದುಹಾಕಿದ ದಡದಲ್ಲಿ ಮೂರು ಸೈಕಲ್ ಒರಗಿಸಿ ಕೂತೆವು. ಕೊಟ್ಟ ಸಮಯವಿಲ್ಲ, ಕಾರ್ಡಿಲ್ಲ, ಕಂಟ್ರೋಲ್ ಇಲ್ಲ. ಮಧ್ಯರಾತ್ರಿ ಹೋಟೆಲ್ ಕೋಣೆಯಲ್ಲಿ, ಕೊಚ್ಚಿಯ ನೆರೆಮನೆಯವರು ಕಳಿಸಿದ ವಿಡಿಯೋದಲ್ಲಿ ಪಪ್ಪಾಂಜಿ ಉರಿಯುವುದನ್ನು ನೋಡಿದಳು. ಸ್ವಲ್ಪ ಅತ್ತಳು. ಅವಳಿಗೆ ಬೇಕಾದದ್ದು ತಪ್ಪಿದ್ದಂತೂ ನಿಜ. ನಾನು ಸಮಾಧಾನಕ್ಕೆ ಏನೂ ಹೇಳಲು ಹೋಗಲಿಲ್ಲ.

ಈಗ ನಮ್ಮ ಫ್ರಿಜ್ಜಿನ ಮೇಲೆ ಅವಳು ಬಿಡಿಸಿದ ನಕ್ಷೆ ಇದೆ. ಫೋರ್ಟ್ ಕೊಚ್ಚಿಯಿಂದ ಶಂಖುಮುಖಂವರೆಗೆ ನೀಲಿ ಗೆರೆ. ಚವರದಿಂದ ಕೊಲ್ಲಂವರೆಗೆ ಗೆರೆ ಇಲ್ಲ, ಅಲ್ಲಿ ಒಂದು ಪೆಟ್ಟಿ ಆಟೋ, ಅದರ ಪಕ್ಕ ‘14’. ಆ ಜಾಗದ ಹತ್ತಿರ ಚಿಕ್ಕದೊಂದು ಪೆಟ್ರೋಲ್ ಪಂಪ್ ಕೂಡ ಇದೆ. ಪದಕವೂ ಅಲ್ಲೇ ತೂಗುತ್ತಿದೆ. 400ನ್ನು ಹೊಡೆದು ಹಾಕಿ ಕೆಳಗೆ 283 ಎಂದು ಬರೆದಿದ್ದಾಳೆ. ತೆಗೆದು ಬಿಸಾಡುತ್ತಾಳೇನೋ ಎಂದು ನಾನು ಹೆದರಿದ್ದೆ.

ಈ ಫೆಬ್ರವರಿಯಲ್ಲಿ ಮತ್ತೆ ಅದೇ ದಾರಿಯ 400 ಇದೆ. ಹೆಸರು ಕೊಟ್ಟಿದ್ದೇನೆ. ಮಗಳ ಷರತ್ತು ಒಂದೇ. ಪ್ರತಿ ಕಂಟ್ರೋಲ್‌ನಲ್ಲಿ ಖಾಲಿ ಬಾಟಲಿಯ ಫೋಟೋ ಕಳಿಸಬೇಕು.